ಟಿಕೋಟಾದ ಮಳಿ ನನ್ನ ಕೈಯಾಗಿತ್ತು

ಎಣಿಸೋ ಮಂದಿ ಎಲ್ಲಿ ಇರ್ತಾರೋ ಅಲ್ಲಿ ತಪ್ಪು ಇದ್ದೇ ಇರ್ತೈತಿ. ಮದವಿ ಮನ್ಯಾಗ ಊಟಕ್ಕ ಕುಂತ ಮಂದಿ ಎಣಿಸಿದ್ರೂ ನಾಕು ಹೆಚ್ಚು ಕಡಿಮಿ ಬರ್ತಾವ. ಇನ್ನ ಮ್ಯಾಲಿಂದ ಬೀಳೋ ಮಳಿ ಎಣಿಸೋದಂತೂ ಕೇಳಬ್ಯಾಡ್ರಿ. ಬಿದ್ದದ್ದು ಒಂದು, ಬರ್ದದ್ದು ಒಂದು, ಊರಾಗ ಸುದ್ದಿ ಆದದ್ದು ಮತ್ತೊಂದು.

ನಾನು ಟಿಕೋಟಾದ ಒಂದು ಸರಕಾರಿ ಕಚೇರಿಯೊಳಗ ಕಸ ಹೊಡದು, ನೀರು ತುಂಬಿ, ಚಾ ತಂದುಕೊಟ್ಟು ಮೂವತ್ತು ವರ್ಷ ತಗದಾಕಿ. ಗಂಡ ಆ ಕಚೇರಿಯೊಳಗ ಸಿಪಾಯಿ ಇದ್ದ. ಅವ ತೀರಿಕೊಂಡಾಗ ನನಗಿನ್ನೂ ಇಪ್ಪತ್ತೆರಡು. ಅವನ ಜಾಗಾಕ್ಕ ನನ್ನ ತಗೊಂಡ್ರು. ಕಲಿತದ್ದು ಮೂರನೇ ಇಯತ್ತೆ. ಈಗ ವಿಜಯಪುರದ ಜೋರಾಪುರ ಪೇಟೆಯೊಳಗ ತಂಗಿ ಮನ್ಯಾಗ ಇರ್ತೀನಿ. ದಿನಾ ಪಡಸಾಲ್ಯಾಗ ಕುಂತು, ಯಾರು ಎಲ್ಲಿಗೆ ಹೊಂಟಾರ, ಯಾಕ ಹೊಂಟಾರ ಅಂತ ನೋಡೋದು ನನ್ನ ಕೆಲಸ. ನನ್ನ ಬಾಯಿ ಸುಮಾರು ಅಂತ ಮಂದಿ ಅಂತಾರ. ಅನ್ನಲಿ. ಬಾಯಿ ಹೆಂಗರ ಇರಲಿ, ಸುಳ್ಳು ಹೇಳೂದಿಲ್ಲ ಅಂತ ನಾ ಎದಿ ತಟ್ಟಿ ಹೇಳಿಕೋತ ಬಂದೀನಿ.

ಅದ ದೊಡ್ಡ ಸುಳ್ಳು. ಟಿಕೋಟಾದ ಮಳಿ ವಿಷಯದಾಗ ನಾ ಹೇಳಿದಷ್ಟು ಸುಳ್ಳು ಮತ್ಯಾರೂ ಹೇಳಿರಲಿಕ್ಕಿಲ್ಲ. ನೆನಸಿದ್ರ ನಗು ಬರ್ತೈತಿ. ನಕ್ಕು ಮುಗದ ಮ್ಯಾಲ ಎದಿಯೊಳಗ ಕಲ್ಲಿಟ್ಟಂಗ ಆಗ್ತೈತಿ.

ಚೀಲ ಹೊತ್ತು ಬಂದಾಕಿ

ಹೋದ ತಿಂಗಳ ಒಂದಿನ ಮಧ್ಯಾಹ್ನ ಒಬ್ಬಾಕಿ ಹುಡುಗಿ ದೊಡ್ಡ ಚೀಲ ಹೊತಗೊಂಡು ಬಾಗಲಾಗ ನಿಂತಳು. ಸೀರಿ ಮಾರಾಕಿ ಅಂತ ತಿಳದು, ‘ಬ್ಯಾಡವಾ, ಟ್ರಂಕಿನ ತುಂಬ ಅದಾವ’ ಅಂದೆ.

‘ನಾ ಸೀರಿ ಮಾರಾಕಿ ಅಲ್ರಿ ಆಯಿ. ಮಳಿ ಕೇಳಾಕ ಬಂದೀನಿ.’

ತೊರವಿ ಊರಿನ ಹುಡುಗಿ. ಇಲ್ಲೇ ವಿಜಯಪುರದಾಗ ಅಂಕಿಸಂಖ್ಯೆ ಕೂಡ್ಸೋ ಕಚೇರಿಯೊಳಗ ನೌಕರಿ. ಚೀಲದಿಂದ ಒಂದೊಂದ ವಹಿ ತಗದು ಚಾಪಿ ಮ್ಯಾಲ ಇಟ್ಟಳು. ನೋಡಿದ್ರ ಟಿಕೋಟಾದ ಮಳಿ ವಹಿ. ಒಳಗೆಲ್ಲ ನನ್ನ ಕೈಯ ಅಕ್ಷರ, ಇರಬಿ ಹರದಾಡಿದಂಗ.

‘ಹವಾ ಬದಲಾಗಾಕತ್ತೈತಿ ಅಂತ ಎಲ್ಲಾರೂ ಅಂತಾರ್ರಿ. ನಮ್ಮ ಕಡೆ ಹ್ಯಾಂಗ ಬದಲಾಗೈತಿ ಅಂತ ತಿಳೀಬೇಕಾದ್ರ ಹಳೇ ಲೆಕ್ಕ ಖರೇ ಇರಬೇಕು. ಮಳಿ ಬೀಳೋ ದಿನ ಕಡಿಮಿ ಆಗ್ಯಾವೋ, ಬಿದ್ರ ಒಮ್ಮಿಗೇ ಸುರಿಯೋದು ಹೆಚ್ಚಾಗೈತೋ, ಅದನ್ನ ನೋಡಬೇಕು. ಟಿಕೋಟಾದ ವಹಿ ಮಾತ್ರ ಒಂದಕ್ಕೊಂದು ಕೂಡವಲ್ವು. ಈ ತಿಂಗಳದಾಗ ನಾ ಇದನ್ನ ತಿದ್ದಿ ಕೊಡದಿದ್ರ ಮ್ಯಾಲಿನವ್ರು ತಗದು ಒಗೀತಾರ್ರಿ.’

‘ಒಗೀಲಿ ಬಿಡವಾ. ಮಳಿ ಏನ್ ನಿಲ್ಲತೈತೇನು?’

‘ನಿಲ್ಲೂದಿಲ್ಲ. ಆದ್ರ ಟಿಕೋಟಾದಾಗ ಇಷ್ಟ ವರ್ಷ ಏನಾತು ಅನ್ನೋದಕ್ಕ ಸಾಕ್ಷಿನ ಇರೂದಿಲ್ಲ. ಬಬಲೇಶ್ವರದ ಲೆಕ್ಕಾನ ಟಿಕೋಟಾಕ್ಕ ಹಚ್ಚತಾರ.’

ನನಗ ನಗು ತಡಿಯಾಕ ಆಗಲಿಲ್ಲ. ಬಾಯಾಗಿನ ಚಾ ವಹಿ ಮ್ಯಾಲ ಸಿಡೀತು. ಆ ಹುಡುಗಿಗೆ ಏನು ಗೊತ್ತು. ಬಬಲೇಶ್ವರದ ಮಳಿ ಲೆಕ್ಕ ಹುಟ್ಟತಿದ್ದದ್ದು ಬಬಲೇಶ್ವರದಾಗಲ್ಲ. ನಾವು ಕುಂತಿದ್ದ ಪಡಸಾಲಿಯಿಂದ ನಾಕು ಮನಿ ಆಚೆ.

ಸರಾಸರಿ

ಬಬಲೇಶ್ವರದಾಗ ಮಳಿ ಅಳೆಯೋ ಡಬ್ಬಿ ನೋಡಾಕ ಒಬ್ಬ ಕಾರಕೂನ ಇದ್ದ. ಹೆಂಡತಿ ಮಕ್ಕಳು ಬಬಲೇಶ್ವರದಾಗ. ಇನ್ನೊಬ್ಬಾಕಿ ಈ ಜೋರಾಪುರ ಪೇಟೆಯೊಳಗ. ಆಕಿ ಹೆಸರು ನನ್ನ ನಾಲಿಗಿ ತುದಿಗೈತಿ, ಬರಿಯೂದಿಲ್ಲ. ವಿಜಯಪುರದ ದೊಡ್ಡ ಕಚೇರಿಯೊಳಗ ಕೆಲಸೈತಿ ಅಂತ ಹೇಳಿ ವಾರದಾಗ ಮೂರು ದಿನ ಇಲ್ಲೇ ಇರ್ತಿದ್ದ. ಮುಂಜಾನೆ ಎದ್ದು ಆಕಿ ಮನಿ ಕಿಡಕ್ಯಾಗಿಂದ ಹೊರಗ ನೋಡ್ತಿದ್ದ. ಅಂಗಳ ಹಸಿ ಇದ್ರ ಬಬಲೇಶ್ವರಕ್ಕ ಮಳಿ, ಒಣಾ ಇದ್ರ ಬಬಲೇಶ್ವರಕ್ಕ ಸೊನ್ನಿ. ವಹಿ ಅವನ ಸಂಗಾಟನ ಚೀಲದಾಗ ಇರ್ತಿತ್ತು.

ಹೆಂಡತಿ ಶಾಣ್ಯಾಕಿ. ಒಂದಿನ ಗಂಡ ಸ್ನಾನಕ್ಕ ಹೋದಾಗ ಆ ವಹಿ ತಗದು ನೋಡ್ಯಾಳ. ಹಿಂದಿನ ದಿನದ ಮುಂದ ದೊಡ್ಡ ಮಳಿ ಬರದೈತಿ. ಮೂಲ್ಯಾಗ ನೋಡಿದ್ರ ಛತ್ರಿನೂ ಹಸಿ. ಗಂಡ ಹೊರಗ ಬಂದ ಕೂಡಲೇ ಕೇಳ್ಯಾಳ: ‘ಮಾಳಗಿ ಮ್ಯಾಲ ಹಾಕಿದ ಸಂಡಿಗಿ ಕಟುಂ ಅನ್ನಾಕತ್ತಾವ. ಬಬಲೇಶ್ವರದಾಗ ಒಂದು ಹನಿ ಬಿದ್ದಿಲ್ಲ. ನೀವು ತೋಯ್ಸಿಕೊಂಡದ್ದು ಎಲ್ರೀ?’

ಇದನ್ನ ಆಕಿ ವಿಜಯಪುರದ ಸಿದ್ಧೇಶ್ವರ ಗುಡಿ ಕಟ್ಟಿ ಮ್ಯಾಲ ಕುಂತು ನನ್ನ ಮುಂದ ಹೇಳಿದ್ಲು. ಹೇಳಿದ್ದು ಅತ್ತುಕೋತ. ನಾ ಅದನ್ನ ಟಿಕೋಟಾದ ಮನಿ ಮನಿಗೆ ಹಂಚಿದ್ದು ನಕ್ಕೋತ. ಮುಂದ ಆಕಿ ಗುಡಿಗೆ ಬರೋದು ಬಿಟ್ಟಳು. ನಾ ಒಂದ ಸಲನೂ ಯಾಕ ಬರವಲ್ಲಿ ಅಂತ ಕೇಳಲಿಲ್ಲ, ಯಾಕಂದ್ರ ನನಗ ಗೊತ್ತಿತ್ತು.

ಹಂಗಂತ ಆ ಜಗಳದ ಕೊನೀ ಮಾತು ಹೇಳದ ಇರಾಕ ಆಗೂದಿಲ್ಲ. ಗಂಡ ಅಂದನಂತ, ‘ಲೇ, ಮಳಿ ಅಂದ್ರ ಊರಿಗೊಂದು ಇರೂದಿಲ್ಲ. ಅಲ್ಲೀದು ಇಲ್ಲೀದು ಕೂಡಿಸಿ ಸರಾಸರಿ ಹಿಡೀತಾರ.’

‘ಹೌದೇನ್ರಿ,’ ಅಂದ್ಲಂತ ಹೆಂಡತಿ. ‘ಆಕಿ ಮನ್ಯಾಗ ಎರಡು ರೊಟ್ಟಿ ತಿಂದ ಬಂದೀರಿ. ಇಲ್ಲಿ ಸೊನ್ನಿ. ಸರಾಸರಿ ಒಂದು ಬಿತ್ತು, ಕೈ ತೊಳಕೋರಿ.’

ಖಾಲಿ ಬಿಡಬ್ಯಾಡ

ಇಷ್ಟು ಕೇಳಿ ಹುಡುಗಿ ನಕ್ಕಳು. ನಕ್ಕು, ಬಬಲೇಶ್ವರ ಅಂತ ಬರ್ಕೊಂಡು ಸುತ್ತ ಒಂದು ಗೆರಿ ಹಾಕಿದ್ಲು. ‘ಅದನ್ನ ಬ್ಯಾರೆ ನೋಡ್ತೀನ್ರಿ. ಈಗ ಟಿಕೋಟಾದ್ದು ಹೇಳ್ರಿ. ಇದು ಕಾರಕೂನ ಬರ್ಯೋ ವಹಿ. ನಿಮ್ಮ ಅಕ್ಷರ ಹ್ಯಾಂಗ ಬಂತು?’

ಮಳಿ ಡಬ್ಬಿ ನಮ್ಮ ಕಚೇರಿ ಅಂಗಳದಾಗ ಒಂದು ಸಣ್ಣ ಸಿಮೆಂಟ್ ಕಟ್ಟಿ ಮ್ಯಾಲ ಇತ್ತು. ದಿನಾ ಮುಂಜಾನೆ ಎಂಟೂವರಿಗೆ ಅದರೊಳಗಿನ ನೀರು ಗೆರಿ ಹಾಕಿದ ಗಾಜಿನ ಗ್ಲಾಸಿಗೆ ಸುರುವಿ, ಎಷ್ಟನೇ ಗೆರಿ ತನಕ ಬಂತು ನೋಡಿ ಬರೀಬೇಕು. ನಮ್ಮ ಕಾರಕೂನ ಇರ್ತಿದ್ದದ್ದು ವಿಜಯಪುರದಾಗ, ಸಿದ್ಧೇಶ್ವರ ಗುಡಿ ಹಿಂದ. ಅವ ಬಸ್ಸು ಇಳೀತಿದ್ದದ್ದು ಹನ್ನೊಂದಕ್ಕ. ಹಂಗಾಗಿ ಆ ಕೆಲಸ ನನ್ನ ಕೊರಳಿಗೆ ಬಿತ್ತು.

ಅವ ಕಲಿಸಿದ್ದು ಇಷ್ಟ: ‘ನೋಡವಾ, ನೀರಿದ್ರ ಅಳದು ಬರಿ. ಇರದಿದ್ರ ಸೊನ್ನಿ ಬರಿ. ಖಾಲಿ ಮಾತ್ರ ಬಿಡಬ್ಯಾಡ. ಖಾಲಿ ಬಿಟ್ರ ಮ್ಯಾಲಿಂದ ಕಾಗದ ಬರ್ತೈತಿ, ಯಾಕ ಬಿಟ್ಟಿ ಅಂತ.’

‘ನಾ ಒಂದಿನ ಬರಲಿಲ್ಲಂದ್ರ?’

‘ಸೊನ್ನಿ.’

‘ಬಂದು, ನೋಡಾಕ ಮರ್ತ್ರ?’

‘ಅದೂ ಸೊನ್ನಿನ. ಸೊನ್ನಿ ಬರ್ದ್ರ ಯಾರೂ ಏನೂ ಕೇಳೂದಿಲ್ಲ. ನಿನಗ ಸೊನ್ನಿ ಬರಿಯಾಕ ಬರ್ತೈತಿಲ್ಲೋ?’

‘ಬರ್ತೈತ್ರಿ,’ ಅಂದೆ. ‘ಸಾಲ್ಯಾಗ ಮಾಸ್ತರು ನನಗ ಕೊಟ್ಟದ್ದ ಅದು.’

ಗೆರಿ ಗ್ಲಾಸು

ಎರಡು ವರ್ಷ ಸುದ್ದ ಬರ್ದೆ. ಆಮ್ಯಾಲ ಒಂದಿನ ತೊಳೆಯುವಾಗ ಗೆರಿ ಗ್ಲಾಸು ಕೈಜಾರಿ ಬಿದ್ದು ಒಡೀತು. ಕಾರಕೂನ ತಲಿ ಮ್ಯಾಲ ಕೈ ಹೊತ್ತ. ಸರಕಾರಿ ಸಾಮಾನು ಒಡದೈತಿ ಅಂತ ಬರದು ಹೊಸಾದು ಕೇಳಿದ್ರ ಚೌಕಶಿ ಆಗ್ತೈತಿ, ಎಂಟೂವರಿಗೆ ಅದನ್ನ ಕೈಯಾಗ ಹಿಡದಾಕಿ ನೀನು ಯಾರು ಅಂತ ಬರ್ತೈತಿ. ಅದಕ್ಕ ಎದುರಿನ ಚಾದಂಗಡಿಯಿಂದ ಒಂದು ಚಾದ ಗ್ಲಾಸು ತರಿಸಿ, ಒಡದ ಚೂರು ಪಕ್ಕಕ್ಕ ಹಿಡದು, ಮೊಳಿಯಿಂದ ಗೆರಿ ಕೊರದ. ಟಿಕೋಟಾದ ಮಳಿ ಚಾದ ಗ್ಲಾಸಿಗೆ ಬಂತು.

ಹಿಂಗ ಎಷ್ಟೋ ದಿನ ನಡೀತು. ಒಂದಿನ ಖಾಲಿ ಚಾ ಗ್ಲಾಸಿನ ಸಂಗಾಟ ಆ ಗೆರಿ ಗ್ಲಾಸನ್ನೂ ನಾನ ಅಂಗಡಿಗೆ ಕೊಟ್ಟು ಬಂದೆ. ತಿರುಗಿ ಓಡಿ ಹೋಗಿ ಕೇಳಿದ್ರ ಚಾದಂಗಡಿಯವ ಕೊಡವಲ್ಲ.

‘ಇದು ನಂದು. ನನ್ನ ಅಂಗಡೀದು.’

‘ಅದರಾಗ ಮಳಿ ಅಳೀತೀವೋ ಮಾರಾಯಾ.’

‘ನಾ ಚಾ ಅಳೀತೀನಿ. ನಿಮಗ ಬ್ಯಾರೇದು ಕೊಡ್ತೀನಿ, ಒಯ್ಯಿ.’

ಕೊಟ್ಟ. ಆದ್ರ ಆ ಹೊತ್ತಿಗೆ ಅವ ಹೊಸಾ ಗ್ಲಾಸು ತಂದಿದ್ದ, ಹಳೇವಕ್ಕಿಂತ ಸಣ್ಣವು. ಕಾರಕೂನ ಅದನ್ನ ಅಳದನೇನು? ಹಳೇದ್ರಾಗ ಎಲ್ಲೆಲ್ಲಿ ಗೆರಿ ಇದ್ದುವೋ ಅಲ್ಲಲ್ಲೇ ಹೊಸಾದಕ್ಕೂ ಕೊರದ. ಅಲ್ಲೀತನ ಎರಡನೇ ಗೆರಿಗೆ ನಿಲ್ತಿದ್ದ ಮಳಿ ಮೂರಕ್ಕ ಏರ್ತು. ಆ ವರ್ಷ ನಮ್ಮ ವಹ್ಯಾಗ ಟಿಕೋಟಾಕ್ಕ ಬಂಪರ್ ಮಳಿ. ಹೊಲದಾಗ ಜ್ವಾಳ ಮಾತ್ರ ಮೊಣಕಾಲು ದಾಟಲಿಲ್ಲ.

ಒಬ್ಬ ರೈತ ಕಿಡಕ್ಯಾಗ ನಿಂತು ಕೇಳಿದ, ‘ಸಾಹೇಬ್ರ, ನಮ್ಮ ಕಡೆ ಮಳಿ ಕಡಿಮಿ ಅಂತ ಬರದೀರಿಲ್ಲೋ?’

ಕಾರಕೂನ ವಹಿ ತಿರುವಿ ತೋರಿಸಿದ. ‘ಕಡಿಮಿ ಎಲ್ಲೈತೋ, ಹೋದ ವರ್ಷಕ್ಕಿಂತ ಹೆಚ್ಚೈತಿ. ನೋಡು, ಲೆಕ್ಕ ಐತಿ.’

ಆ ರೈತ ವಹಿ ಮುಟ್ಟಿ ನೋಡಿದ. ‘ಹಂಗಾರ ಒಂದು ಉಪಕಾರ ಮಾಡ್ರಿ. ಈ ವಹಿ ಎರಡು ದಿನ ಕೊಡ್ರಿ. ಹೊಲದಾಗ ಹಾಸ್ತೀನಿ.’

ಅವತ್ತ ನಾವಿಬ್ರೂ ಹೊಟ್ಟಿ ಹಿಡಕೊಂಡು ನಕ್ಕಿವಿ. ಅವ ಮಾತ್ರ ನಗಲಿಲ್ಲ ಅನ್ನೋದು ನನಗ ಈಗ ನೆನಪಾಗ್ತೈತಿ.

ಹುಡುಗಿ ಚೀಲದಾಗ ಕೈ ಹಾಕಿ ಆ ಸಣ್ಣ ಗ್ಲಾಸು ತಗದಳು. ಕಚೇರಿ ಕಪಾಟಿನ್ಯಾಗ ಸಿಕ್ಕಿತ್ತಂತ. ‘ಇದಕ್ಕ ಯಾಕ ಗೆರಿ ಹಾಕ್ಯಾರ ಅಂತ ಈಗ ತಿಳೀತ್ರಿ. ಆ ಹಳೇ ದೊಡ್ಡ ಗ್ಲಾಸು ಸಿಕ್ರ ಎರಡರಾಗೂ ನೀರು ಹಾಕಿ ನೋಡಿ, ಎರಡೂ ಗ್ಲಾಸಿನ ಕಾಲದ ಲೆಕ್ಕ ಎಲ್ಲಾ ಸರಿ ಮಾಡಬಹುದು. ಎಲ್ಲೈತ್ರಿ ಅದು?’

‘ಒಡದು ಎಷ್ಟ ವರ್ಷ ಆತೋ,’ ಅಂದೆ.

ಅದು ಒಡದಿರಲಿಲ್ಲ. ನನ್ನ ಬೆನ್ನ ಹಿಂದಿನ ಮಾಡದಾಗ, ದೇವರ ಫೋಟೋದ ಹಿಂದ ಇತ್ತು. ದೇವರನ್ನೂ ಕರ್ಕೊಂಡು ಸುಳ್ಳು ಹೇಳಿದೆ.

ಸೋಮವಾರ

‘ಇರಲಿ ಬಿಡ್ರಿ,’ ಅಂದ್ಲು ಹುಡುಗಿ, ಮಾರಿ ಸಣ್ಣದು ಮಾಡ್ಕೊಂಡು. ‘ಇದೊಂದು ಹೇಳ್ರಿ. ಈ ಮೂರು ವರ್ಷ ಟಿಕೋಟಾದಾಗ ಸೋಮವಾರ ಸೋಮವಾರ ಮಳಿ ಆಗೈತಿ. ಬ್ಯಾಸಗಿಯೊಳಗೂ. ನಾ ಎಷ್ಟ ಪುಸ್ತಕ ಓದಿದ್ರೂ ವಾರ ನೋಡಿ ಬೀಳೋ ಮಳಿ ಸಿಗಲಿಲ್ಲ.’

ಆಗ ಒಬ್ಬ ಹೊಸಾ ಸಾಹೇಬ ಬಂದಿದ್ದ. ಅವನ ತಾಯಿ ದೊಡ್ಡ ಭಕ್ತಿ ಹೆಂಗಸು. ಅಂಗಳದಾಗ ಸಿಮೆಂಟ್ ಕಟ್ಟಿ, ಅದರ ಮ್ಯಾಲ ನೆಟ್ಟಗ ನಿಂತ ದುಂಡಂದು, ಮ್ಯಾಲೊಂದು ಬಾಯಿ. ಆ ಮುದುಕಿ ಅದನ್ನ ಏನಂತ ತಿಳಕೊಂಡ್ಲು ನೀವ ಹೇಳ್ರಿ. ಸೋಮವಾರಕ್ಕೊಮ್ಮೆ ನಸುಕಿನ್ಯಾಗ ಸ್ನಾನ ಮಾಡಿ, ಒಂದು ತಂಬಿಗಿ ನೀರು ಸುರುವಿ, ಎರಡು ಬಿಲ್ವಪತ್ರಿ ಇಟ್ಟು, ವಿಭೂತಿ ಹಚ್ಚಿ ಹೋಗಾಕಿ.

ನಾ ಕಾರಕೂನಗ ಹೇಳಿದೆ. ‘ಸಾಹೇಬ್ರ ತಾಯಿಗೆ ಇದು ದೇವರಲ್ಲ, ಡಬ್ಬಿ ಅಂತ ನೀವ ಹೇಳ್ರಿ.’

‘ನನಗ ಪೆನ್ಷನ್ ಹತ್ರ ಬಂದೈತಿ,’ ಅಂದ. ‘ನೀ ಡಬ್ಬ್ಯಾಗ ಬಿದ್ದದ್ದನ್ನ ಬರಿ. ಯಾರು ಹಾಕಿದ್ರು ಅಂತ ಕೇಳೋ ಕಾಲಂ ವಹ್ಯಾಗಿಲ್ಲ.’

ಬರ್ದೆ. ತಾಯಿ ಸುರುವಿದ್ದಕ್ಕ ಮಗ ಸಹಿ ಹಾಕಿದ. ಎಪ್ರಿಲ್ ತಿಂಗಳದಾಗ ಕಾಗಿ ಸತ್ತು ಬೀಳೋ ಬಿಸಲಿನ್ಯಾಗ ಟಿಕೋಟಾಕ್ಕ ಸೋಮವಾರದ ಮಳಿ ತಪ್ಪಲಿಲ್ಲ. ಮೂರು ವರ್ಷದ ಮ್ಯಾಲ ಸಾಹೇಬಗ ಬದ್ಲಿ ಆತು, ತಾಯಿನೂ ಹೋದ್ಲು. ಮಳಿ ದಿನ ಒಮ್ಮಿಗೇ ಇಳದ್ವು. ಮ್ಯಾಲಿಂದ ಕಾಗದ ಬಂತು: ಟಿಕೋಟಾದಾಗ ಮಳಿ ಬೀಳೋ ದಿನ ಇಷ್ಟ ಕಡಿಮಿ ಆಗಾಕ ಕಾರಣ ಏನು, ತಿಳಿಸಬೇಕು.

ಕಾರಕೂನ ಎರಡು ಚಾ ಕುಡದು, ಪೆನ್ನು ಜಾಡಿಸಿ ಉತ್ತರ ಬರ್ದ. ಒಂದ ಸಾಲು.

‘ಹವಾಮಾನ ಬದಲಾವಣೆ.’

ನಂಬಿಗಸ್ಥ ಮೂಲ

ಮರುದಿನ ಹುಡುಗಿ ಮತ್ತ ಬಂದ್ಲು. ಸೋಮವಾರ ಎಲ್ಲಾ ಕೆಂಪು ಪೆನ್ನಿಲೆ ಹೊಡದು ಹಾಕಿಕೊಂಡು ಬಂದಿದ್ಲು. ಉಳದದ್ದು ಸೊನ್ನಿ. ಯಾವ ಸೊನ್ನಿ ಖರೇದು, ಯಾವುದು ನಾ ಡಬ್ಬಿ ನೋಡದ ಬರ್ದದ್ದು?

‘ಸೊನ್ನಿ ಬ್ಯಾರೆ ಆಯಿ, ಅಳದಿಲ್ಲ ಅನ್ನೋದು ಬ್ಯಾರೆ,’ ಅಂದ್ಲು. ‘ಸೊನ್ನಿ ಅಂದ್ರ ನೋಡೀನಿ, ಏನೂ ಇರಲಿಲ್ಲ ಅಂತ. ಅಳದಿಲ್ಲ ಅಂದ್ರ ಇತ್ತೋ ಏನೋ, ನಾ ನೋಡಲಿಲ್ಲ ಅಂತ. ಖಾಲಿ ಬಿಟ್ಟಿದ್ರ ನನಗ ಇಷ್ಟ ತ್ರಾಸ ಇರಲಿಲ್ರಿ.’

ಇಷ್ಟ ವರ್ಷದ ಮ್ಯಾಲ ನೆನಪು ಹ್ಯಾಂಗ ಇರ್ತೈತಿ ಅಂತ ನೀವು ಕೇಳಬಹುದು. ನನಗ ಮಳಿ ನೆನಪಿಲ್ಲ. ಮಂದಿ ನೆನಪದಾರ. ಆಕಿ ದಿನ ಓದಿಕೋತ ಹೋದ್ಲು, ನಾ ಕಣ್ಣು ಮುಚ್ಚಿ ಕುಂತೆ.

‘ನಾಗರ ಪಂಚಮಿ ಮರುದಿನ. ಸೊನ್ನಿ.’

‘ಸುಳ್ಳು. ಅವತ್ತ ಮುಂಜಾನೆ ದರ್ಜಿ ಸೊಸಿ ಮನಿ ಬಿಟ್ಟು ಹೋದದ್ದು. ರಾಡ್ಯಾಗ ಚಪ್ಪಲಿ ಸಿಕ್ಕೊಂಡು ಒಂದ ಚಪ್ಪಲಿ ಮ್ಯಾಲ ಬಸ್ ಹತ್ತಿದ್ಲು. ಅದನ್ನ ನೋಡಾಕ ಹೋಗಿ ನಾ ಡಬ್ಬಿ ನೋಡಲಿಲ್ಲ.’

‘ದಸರಾ ಮುಂದಿನ ಬುಧವಾರ. ಸೊನ್ನಿ.’

‘ಅದು ಖರೇ ಸೊನ್ನಿ. ನಮ್ಮ ಕಾರಕೂನನೂ ಅವನ ಷಡ್ಡಕನೂ ಕಚೇರಿ ಮುಂದ ಒಬ್ಬರ ಕೊರಳು ಒಬ್ಬರು ಹಿಡದು ಹೊರಳಾಡಿದ್ರು. ಧೂಳು ಎದ್ದಿತ್ತು, ರಾಡಿ ಆಗಿರಲಿಲ್ಲ.’

‘ಮೇ ತಿಂಗಳ ಕೊನೀ ಆಯಿತವಾರ?’

‘ಸುಳ್ಳು. ಮದವಿ ಹಂದರ ಕುಸದು ಬಿದ್ದು ಬೀಗರ ಸಾರಿನ್ಯಾಗ ನೀರು ಬಿತ್ತು. ಸಾರು ತಿಳಿ ಆತು ಅಂತ ಗಂಡಿನ ಕಡೆಯವರು ಎದ್ದ ಹೋದ್ರು.’

ಆ ಹುಡುಗಿ ವಿಜಯಪುರದ್ದೂ ಸುತ್ತಮುತ್ತಿನ ಊರಿಂದೂ ಲೆಕ್ಕ ತಂದಿದ್ಲು. ನಾ ಹೇಳಿದ್ದಕ್ಕ ತಾಳೆ ಹಾಕಿ ನೋಡಿದ್ರ ಹತ್ತರಾಗ ಒಂಬತ್ತು ಕೂಡತಿದ್ವು. ಕೂಡಿದ ಸುಳ್ಳ ಸೊನ್ನಿ ಹೊಡದು ಹಾಕಿ, ಅಡ್ಡಗೆರಿ ಎಳದು, ಪಕ್ಕದ ಕಾಲಮಿನ್ಯಾಗ ಬರೀತಿದ್ಲು: ‘ಮಳೆಯಾಗಿದೆ, ಅಳತೆ ಇಲ್ಲ.’ ಅದರ ಪಕ್ಕಕ್ಕ ಇನ್ನೊಂದು ಕಾಲಂ ಇತ್ತು, ಆಧಾರ ಅಂತ. ಅಲ್ಲಿಗೆ ಬಂದು ಪೆನ್ನು ನಿಂತಿತು.

‘ಆಧಾರ ಏನು ಬರೀಲ್ರಿ ಆಯಿ? ದರ್ಜಿ ಸೊಸಿ ಅಂತ ಬರ್ಯಾಕ ಬರೂದಿಲ್ಲ.’ ಸ್ವಲ್ಪ ವಿಚಾರ ಮಾಡಿ ತಾನ ಬರ್ದ್ಲು: ‘ನಂಬಿಗಸ್ಥ ಸ್ಥಳೀಯ ಮೂಲ.’

ಒಳಗ ಅಡಗಿ ಮನ್ಯಾಗ ತಂಗಿ ಕೈಯಾಗಿನ ಸೌಟು ಠಣ್ ಅಂತ ಕೆಳಗ ಬಿತ್ತು.

ಒಂದ ಛತ್ರಿ

‘ಒಂದು ಉಳೀತ್ರಿ,’ ಅಂದ್ಲು ಹುಡುಗಿ. ‘ಈ ಹಸ್ತಾ ಮಳಿ ದಿನ. ಅವತ್ತ ವಿಜಯಪುರದಾಗ ಓಣಿ ಎಲ್ಲಾ ಹಳ್ಳ ಆಗಿದ್ವು. ತೊರವ್ಯಾಗ ನಮ್ಮಪ್ಪನ ಹೊಲದ ಒಡ್ಡು ಒಡದಿತ್ತಂತ. ಟಿಕೋಟಾದಾಗ ಸೊನ್ನಿ. ಒಮ್ಮಿಗೇ ಸುರದ ದಿನಗೋಳ ಎಣಿಕಿನ ನನಗ ಎಲ್ಲಾಕಿಂತ ಮುಖ್ಯ ಐತ್ರಿ. ಇದು ಖರೇ ಸೊನ್ನಿನೋ, ಸುಳ್ಳ ಸೊನ್ನಿನೋ?’

‘ಖರೇ’ ಅನ್ನೋ ಮಾತು ತುಟಿತನ ಬಂದಿತ್ತು. ಅಂದುಬಿಟ್ಟಿದ್ರ ಮುಗೀತಿತ್ತು. ಆದ್ರ ಆಕಿ ಪೆನ್ನು ಹಿಡದು ನನ್ನ ಮಾರಿ ನೋಡಿಕೋತ ಕುಂತಿದ್ಲು. ಎರಡು ದಿನ ನಾ ಹೇಳಿದ್ದನ್ನೆಲ್ಲಾ ನಂಬಿ, ನಂಬಿಗಸ್ಥ ಅಂತ ಬರ್ಕೊಂಡಾಕಿ.

‘ಸುಳ್ಳು,’ ಅಂದೆ. ‘ಅವತ್ತ ಬಾಳ ಮಳಿ ಇತ್ತು.’

‘ಬಾಳ ಅಂತ ಹ್ಯಾಂಗ ಹೇಳ್ತೀರಿ?’

‘ಛತ್ರಿ ಒಂದ ಇತ್ತವಾ. ಇಬ್ರೂ ತೋಯ್ದಿದ್ವಿ.’

‘ಇಬ್ರು ಅಂದ್ರ?’

ಚಾದಂಗಡಿಯವಗೂ ಹೆಂಡತಿ ಸತ್ತಿದ್ಲು. ಮಾತು ಕಡಿಮಿ ಮನಶ್ಯಾ. ಆ ಹಳೇ ದೊಡ್ಡ ಗೆರಿ ಗ್ಲಾಸು ತನ್ನದು ಅಂತ ಇಟ್ಟಕೊಂಡಾನಲ್ಲ, ಮರುದಿನದಿಂದ ನನಗ ಅದರಾಗ ಚಾ ಕೊಡಾಕ ಹತ್ತಿದ. ದಿನಾ ಮುಂಜಾನೆ ಒಂದ ಪ್ರಶ್ನೆ: ‘ಯಾವ ಗೆರಿ ತನಕ?’ ಒಂದಿನ ನಾ ನಾಕು ಅಂತಿದ್ದೆ, ಒಂದಿನ ಐದು. ಟಿಕೋಟಾದ ಎಲ್ಲಾರ ಸುದ್ದಿ ಮಾತಾಡೋ ಬಾಯಿ ಅವನ ಮುಂದ ಬರೇ ಎಣಿಕಿ ಹೇಳ್ತಿತ್ತು. ಹಿಂಗ ಒಂದು ವರ್ಷ ಆದ ಮ್ಯಾಲ ಅವ ಕೇಳಿದ, ವಿಜಯಪುರಕ್ಕ ಹೋಗಿ ಕಚೇರ್‍ಯಾಗ ಸಹಿ ಹಾಕಿ ಮದವಿ ಆಗೋಣೇನು ಅಂತ. ನಾ ಹೂಂ ಅಂದೆ.

ಅವತ್ತ ನಸುಕಿನಿಂದ ಮಳಿ. ಎಂಟರ ಒಳಗ ಮೊದಲನೇ ಬಸ್ ಹಿಡದು ಹೋದ್ವಿ. ಕಚೇರಿ ತಗಿಯಾಕ ಇನ್ನೂ ಹೊತ್ತಿತ್ತು ಅಂತ ಸಿದ್ಧೇಶ್ವರ ಗುಡಿ ಮುಂದ ಅವನ ಛತ್ರಿ ಕೆಳಗ ನಿಂತಿದ್ವಿ. ಆಗ ಗುಡಿ ಮೆಟ್ಟಲದ ಮ್ಯಾಲ ಟಿಕೋಟಾದಾಕಿ ಒಬ್ಬಾಕಿ ಕಂಡ್ಲು, ನಮ್ಮ ಓಣಿಯಾಕಿ. ನೋಡಿದಳೋ ಇಲ್ಲೋ, ನಕ್ಕಳೋ ಇಲ್ಲೋ ತಿಳೀಲಿಲ್ಲ. ನನಗ ಬಬಲೇಶ್ವರದ ಕಾರಕೂನನ ಹೆಂಡತಿ ನೆನಪಾದ್ಲು. ನಾ ಆಕೀದನ್ನ ಮನಿ ಮನಿಗೆ ಹ್ಯಾಂಗ ಒಯ್ದಿದ್ದೆನೋ ಹಂಗ ನನ್ನದನ್ನೂ ಒಯ್ತಾರ ಅನಿಸ್ತು. ಅವಗ ಏನೂ ಹೇಳದ ಛತ್ರಿಯಿಂದ ಹೊರಗ ಬಂದು ಬಸ್ ಸ್ಟ್ಯಾಂಡಿಗೆ ಓಡಿದೆ.

ಟಿಕೋಟಾಕ್ಕ ಬಂದು ಮುಟ್ಟಿದಾಗ ಹನ್ನೆರಡು. ಡಬ್ಬಿ ತುಂಬಿ ಹರೀತಿತ್ತು. ಅಳದಿದ್ರ ಎಂಟೂವರಿಗೆ ಯಾಕ ಅಳೀಲಿಲ್ಲ, ಎಲ್ಲಿದ್ದಿ ಅನ್ನೋ ಮಾತು ಬರ್ತಿತ್ತು. ಎತ್ತಿ ನೆಲಕ್ಕ ಚೆಲ್ಲಿದೆ. ಚೆಲ್ಲಿ ಸೊನ್ನಿ ಬರ್ದೆ, ಏನೂ ಆಗೇ ಇಲ್ಲ ಅನ್ನೂಹಂಗ. ಕಾರಕೂನ ಅವತ್ತ ಮಳ್ಯಾಗ ತಡ ಆಗಿ ಒಂದು ಗಂಟೆಕ್ಕ ಬಂದ. ಬಾಗಲಾಗ ನಿಂತು ಪ್ಯಾಂಟಿನ ಕಾಲು ಎರಡೂ ಹಿಂಡಿದ, ತಲಿ ವರಸಿಕೊಂಡ, ನೀರು ತೊಟಗುಡೋ ಕೈಯಿಂದ ಆ ಸೊನ್ನಿ ಮ್ಯಾಲ ಸಹಿ ಹಾಕಿದ.

ಮರುದಿನದಿಂದ ಚಾದಂಗಡಿಯವ ಯಾವ ಗೆರಿ ತನಕ ಅಂತ ಕೇಳಲಿಲ್ಲ. ದಿನಾ ಮ್ಯಾಲಿನ ಗೆರಿ ತನಕ ತುಂಬಿ ಕೊಡ್ತಿದ್ದ. ಎರಡು ವರ್ಷಕ್ಕ ಅಂಗಡಿ ಮುಚ್ಚಿ ಅಣ್ಣನ ಊರಿಗೆ ಹೋದ. ಹೋಗೋ ದಿನ ಆ ಗ್ಲಾಸು ಮಳಿ ಡಬ್ಬಿ ಕಟ್ಟಿ ಮ್ಯಾಲ ಇಟ್ಟು ಹೋಗಿದ್ದ. ಈಗ ಅವನೂ ಇಲ್ಲ ಅಂತ ಕೇಳೀನಿ.

ನಾ ಎದ್ದು ದೇವರ ಫೋಟೋ ಸರಿಸಿ ಗ್ಲಾಸು ತಗದು ಹುಡುಗಿ ಮುಂದ ಇಟ್ಟೆ. ಆಕಿ ಒಡದೈತಿ ಅಂದಿದ್ರಲ್ಲ ಅಂತ ಕೇಳಲಿಲ್ಲ. ಆ ದಿನದ ಸೊನ್ನಿ ಹೊಡದು ಹಾಕಿ, ಅಡ್ಡಗೆರಿ ಎಳದು, ಪಕ್ಕಕ್ಕ ಬರ್ದ್ಲು: ‘ಭಾರಿ ಮಳೆಯಾಗಿದೆ, ಅಳತೆ ಇಲ್ಲ.’

‘ಅವನ ಹೆಸರು ಬರೀತೀಯೇನವಾ?’

‘ಇಲ್ರಿ ಆಯಿ. ಬರೇ ಮಳಿ.’

ಆಮ್ಯಾಲ ಚೀಲದಿಂದ ನೀರಿನ ಬಾಟ್ಲಿ ತಗದು ಆ ಗ್ಲಾಸಿನ ಮ್ಯಾಲ ಬಗ್ಗಿಸಿ, ‘ಯಾವ ಗೆರಿ ತನಕ ಹಾಕಲ್ರಿ?’ ಅಂದ್ಲು. ನಾ ಬೆರಳಿಲೆ ಮ್ಯಾಲಿನ ಗೆರಿ ತೋರಿಸಿದೆ.

ಅಷ್ಟೊತ್ತಿಗೆ ತಂಗಿ ಸೌಟು ಹಿಡಕೊಂಡು ಹೊರಗ ಬಂದು ನಿಂತಿದ್ಲು.

‘ಅಕ್ಕಾ, ಗುಡಿ ಮುಂದ ನಿನ್ನ ನೋಡಿದಾಕಿ ಅವತ್ತ ಸಂಜಿಕನ ಎಲ್ಲಾರಿಗೂ ಹೇಳಿದ್ಲು. ಟಿಕೋಟಾಕ್ಕೆಲ್ಲಾ ಗೊತ್ತಿತ್ತು. ಇಬ್ರೂ ಒಂಟಿ ಅದಾರ, ಮಾಡಿಕೊಂಡ್ರ ಚಲೋ ಇತ್ತು ಅಂತ ಮಂದಿ ಅಂತಿದ್ರು. ನಮ್ಮ ಅವ್ವನೂ ಅಂತಿದ್ಲು.’

ನಾ ಆಕಿ ಕಡೆ ಹೊರಳಿದೆ.

‘ಮತ್ತ ಒಬ್ಬರರ ನನ್ನ ಮುಂದ ಬಂದು ಅನ್ನಬೇಕಿಲ್ಲೇನ?’

‘ಯಾರ ಅಂತಾರ,’ ಅಂದ್ಲು ತಂಗಿ. ‘ನಿನ್ನ ಬಾಯಿಗೆ ಹೆದರಿದ್ರು.’